ರಾಹುಕಾಲ ಕಳೆದ ಮೇಲಿನ ಸೊನ್ನೆ

ಸ್ವಂತ ತಪ್ಪನ್ನು ಮರೆಯುವುದರಲ್ಲಿ, ಪಕ್ಕದ ಮನೆಯವರ ತಪ್ಪನ್ನು ನೆನಪಿಡುವುದರಲ್ಲಿ ಮನುಷ್ಯನನ್ನು ಮೀರಿಸುವವರಿಲ್ಲ. ಡೇಟಾಬೇಸ್ ಸರ್ವರಿಗೆ ಈ ಭೇದಭಾವ ಗೊತ್ತಿಲ್ಲ. ಚಾಲೂ ಮಾಡಿದ ಗಳಿಗೆಯಿಂದ ಯಾರು ಒಳಗೆ ಬಂದರು, ಯಾರು ಪಾಸ್‌ವರ್ಡ್ ತಪ್ಪಿ ಬಾಗಿಲಲ್ಲೇ ಮುಗ್ಗರಿಸಿದರು ಎಂದು ಎಣಿಸುತ್ತಲೇ ಇರುತ್ತದೆ. ಅಂಥದೊಂದು ಸರ್ವರನ್ನು ನಂಬಿ ಬದುಕುವವನು ನಾನು. ಬೊರಿವಲಿಯಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ನಿಂತೇ ಬಂದು, ನಮ್ಮ ಧಣಿಗಳ ಹೋಟೆಲುಗಳ ಆರ್ಡರೆಲ್ಲ ಅದರ ಹೊಟ್ಟೆಗೆ ಸರಿಯಾಗಿ ಸೇರುವುದನ್ನು ನೋಡಿಕೊಳ್ಳುವುದು ನನ್ನ ಕೆಲಸ.

ಜೋಗೇಶ್ವರಿ ಹೋಟೆಲಿನ ಕಂಪ್ಯೂಟರ್ ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಹಗಲಿರುಳು ಸರ್ವರಿನ ಬಾಗಿಲು ತಟ್ಟುತ್ತಿತ್ತು. ಫೇಲಾದ ಲಾಗಿನ್ನುಗಳ ಎಣಿಕೆ ಲಕ್ಷ ದಾಟಿದ ಮೇಲೆ ಅದನ್ನು ಸರಿಪಡಿಸಿದೆ. ಆದರೂ ಧಣಿ ಶೆಟ್ಟರು ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ನನ್ನ ಪರದೆಗೆ ಇಣುಕುವರು. "ಎಂತದು ಮಾರಾಯ, ಫೇಲಾದದ್ದು ಇನ್ನೂ ಲಕ್ಷದ ಮೇಲೆಯೇ ಉಂಟಲ್ಲ?" ಅದು ಹಳೆಯ ಮೊತ್ತ, ಏರುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕೊನೆಗೆ ಗುರುವಾರ, "ಇವತ್ತು ಇಳಿಯದಿದ್ದರೆ ಹೊರಗಿನ ಪಾರ್ಟಿಗೆ ಕೊಡ್ತೇನೆ" ಎಂದುಬಿಟ್ಟರು. ಸರ್ವರಿನ ಜೊತೆ ನನ್ನ ಅನ್ನವೂ ಹೋದಂತೆ!

ಎಣಿಕೆಯನ್ನು ಸೊನ್ನೆ ಮಾಡುವ ಆಜ್ಞೆಯೊಂದಿದೆ. ಓದಿದ್ದೆ, ಕೊಟ್ಟು ನೋಡಿರಲಿಲ್ಲ. ಎಣಿಕೆಯ ಜೊತೆ ಆರ್ಡರುಗಳೂ ಅಳಿಸಿಹೋದರೆ? ಹೆದರಿ ಹೆಂಡತಿಗೆ ಫೋನು ಮಾಡಿದೆ. "ರಿಕ್ಷಾದ ಮೀಟರ್ ಸೊನ್ನೆ ಮಾಡಿದ್ರೆ ರಿಕ್ಷಾ ಮಾಯ ಆಗ್ತದಾ? ನಿಮ್ಮದೊಂದು!" ಎಂದಳು. ಶೆಟ್ಟರ ಚಿಂತೆಯೇ ಬೇರೆ. "ತಡಿ, ರಾಹುಕಾಲ ಮುಗೀಲಿ." ಕಾದೆವು. ಮೂರು ಗಂಟೆಗೆ ಅವರು ದೇವರ ಪಟಕ್ಕೆ ಊದುಬತ್ತಿ ಹಚ್ಚಿದರು, ನಾನು ಕಣ್ಣು ಮುಚ್ಚಿ ಎಂಟರ್ ಒತ್ತಿದೆ.

ಫೇಲಾದದ್ದು ಸೊನ್ನೆ. ಶೆಟ್ಟರ ಮುಖ ಅರಳಿತು. ಆದರೆ ಪಕ್ಕದ ಪರದೆಯಲ್ಲಿ ಒಂದು ಹೊಸ ಆರ್ಡರೂ ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. "ಎಲ್ಲ ತೊಳೆದು ಬಿಟ್ಟೆಯಾ?" ಎಂದರು ಶೆಟ್ಟರು. ಊಟ ಮುಗಿದು ಸಂಜೆಯ ಚಹಾ ಶುರುವಾಗದ ಹೊತ್ತು ಅದು, ಆಗ ಯಾವ ಹೋಟೆಲಿನಲ್ಲೂ ಗಿರಾಕಿಗಳಿರುವುದಿಲ್ಲ ಎಂಬುದು ರಾಹುಕಾಲ ನೋಡಿದ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅಷ್ಟರಲ್ಲಿ ಜೋಗೇಶ್ವರಿಯಿಂದಲೇ ಬಂತು: ಎರಡು ಪ್ಲೇಟ್ ಗೋಳಿಬಜೆ! ಆರ್ಡರ್ ನಂಬರು ಮಧ್ಯಾಹ್ನದ ಕೊನೆಯದರ ಮುಂದಿನದೇ. ಹಳೆಯದೆಲ್ಲ ಇದ್ದಲ್ಲೇ ಇತ್ತು. ಹೋದ ಜೀವ ಬಂದಂತಾಯಿತು.

ಆ ಖುಷಿಯಲ್ಲಿ ನಿನ್ನೆಯ ಆರ್ಡರುಗಳನ್ನೂ ನೋಡಿಬಿಡೋಣವೆಂದು ಮತ್ತೊಮ್ಮೆ ಲಾಗಿನ್ ಆಗಲು ಹೋದೆ. ಶೆಟ್ಟರು ಪರದೆಗೆ ಬೆರಳು ಚುಚ್ಚಿದರು. "ಹೋ! ಸೊನ್ನೆ ಹೋಗಿ ಒಂದಾಯ್ತಲ್ಲ! ಯಾವ ಹೋಟೆಲಿನವ ಅವ, ಮಂಡೆ ಸಮ ಇಲ್ಲದವ?"

ಅವಸರದಲ್ಲಿ ನನ್ನ ಪಾಸ್‌ವರ್ಡನ್ನು ನಾನೇ ತಪ್ಪು ಒತ್ತಿದ್ದೆ. "ವಿಚಾರಿಸುತ್ತೇನೆ ಧಣಿ" ಎಂದೆ. ಇವತ್ತಿಗೂ ವಿಚಾರಿಸುತ್ತಲೇ ಇದ್ದೇನೆ.