ರ‍್ಯಾಂಪಿಗೆ ಟೇಪು ಕಟ್ಟಿದ ದಿನ

ದೊಡ್ಡೋರು ಬರ್ತಾರೆ ಅಂದರೆ ಸಾಕು, ಸರ್ಕಾರಿ ಕಚೇರಿಯಲ್ಲಿ ಇರೋಬರೋ ಬುದ್ಧಿಯೆಲ್ಲ ಸುಣ್ಣಬಣ್ಣಕ್ಕೇ ಖರ್ಚಾಗಿಬಿಡುತ್ತೆ. ನನ್ನ ಸರ್ವೀಸಿನಲ್ಲಿ ಇಂಥವು ಒಂದಾ ಎರಡಾ! ಆದರೆ ಸಂಸತ್ತಿನ ಸಮಿತಿ ಬಂದ ದಿನ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗ್ತೀನಿ.

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ಶಿಡ್ಲಘಟ್ಟದಲ್ಲಿ ಗುಮಾಸ್ತೆ. ಯಾವ ಕಚೇರಿ ಅಂತ ಮಾತ್ರ ಕೇಳಬೇಡಿ, ಪಿಂಚಣಿ ತಗೋತಿದ್ದೀನಿ. ದೆಹಲಿಯವರು ನೋಡಬೇಕಿದ್ದದ್ದು ಎರಡು ವಿಷಯ: ಕೆಲವೇ ತಿಂಗಳು ಕೆಲಸ ಸಿಗೋ ಜನ ಮಿಕ್ಕ ತಿಂಗಳು ಹೇಗೆ ಬದುಕ್ತಾರೆ, ಅಂಗವಿಕಲರು ಸರ್ಕಾರಿ ಕಚೇರಿಯೊಳಕ್ಕೆ ಹೇಗೆ ಬರ್ತಾರೆ.

ಈ ಎರಡೂ ಕಷ್ಟ ಒಬ್ಬರಲ್ಲೇ ಸೇರಿಕೊಂಡಿತ್ತು. ಅವರನ್ನ ನಾವೆಲ್ಲ ಆಪಾ, ಅಂದರೆ ಉರ್ದುವಿನಲ್ಲಿ ಅಕ್ಕ, ಅಂತ ಕರೀತಿದ್ವಿ. ಪೋಲಿಯೋದಿಂದ ಕಾಲು ಸೋತಿತ್ತು, ಕೈಯಲ್ಲಿ ತಿರುಗಿಸೋ ಮೂರು ಚಕ್ರದ ಸೈಕಲ್ಲು. ರೇಷ್ಮೆ ನೂಲು ಬಿಚ್ಚೋ ಕೆಲಸ. ಗೂಡು ಬಂದರೆ ಕೂಲಿ, ಬರದಿದ್ದರೆ ಇಲ್ಲ. ಕೆಲಸವಿಲ್ಲದ ತಿಂಗಳಿಗೆ ನಮ್ಮ ಕಾಂಪೌಂಡಿನಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಡೋಕೆ ಪರ್ಮಿಷನ್ ಕೇಳ್ತಾನೇ ಇದ್ದರು. ಸಾಹೇಬರ ಕೋಣೆ ಮೆಟ್ಟಿಲ ಮೇಲೆ, ಆಪಾ ಮೆಟ್ಟಿಲ ಕೆಳಗೆ. ಕೂಗಿ ಕೂಗಿ ಗಂಟಲು ಬಿದ್ದುಹೋಗಿತ್ತು ಪಾಪ.

"ಈ ಸಲ ಆ ದೊಡ್ಡೋರನ್ನೇ ಕೇಳಿಬಿಡ್ತೀನಿ ಅಕ್ಕ," ಅಂದರು.

ಯಾವ ಗಾಡಿ?

ಸರಿ, ಸಮಿತಿ ಬರೋದರೊಳಗೆ ಮೆಟ್ಟಿಲ ಪಕ್ಕ ರ‍್ಯಾಂಪ್ ಕಟ್ಟೋಕೆ ಮೇಸ್ತ್ರಿ ಬಂದ. "ಯಾವ ಗಾಡಿ ಹತ್ತಬೇಕು ಮೇಡಂ?" ಅಂದ. ನಮ್ಮ ಕಡೆ ಬಾಗಿಲಿಗೆ ಇಳಿಜಾರು ಹಾಕಿಸೋದೇ ಸ್ಕೂಟರನ್ನ ಮನೆಯೊಳಗೆ ನಿಲ್ಲಿಸೋಕೆ. ಅವನು ಜೀವಮಾನವೆಲ್ಲ ಅದನ್ನೇ ಕಟ್ಟಿದವನು. "ಸ್ಕೂಟರಲ್ಲಪ್ಪ, ಕೈಯಲ್ಲಿ ತಿರುಗಿಸೋ ಸೈಕಲ್ಲು" ಅಂತ ಬಿಡಿಸಿ ಹೇಳಿದೆ. ಆಯ್ತಮ್ಮ ಅಂದ. ಆಮೇಲೆ ನೋಡ್ತೀನಿ, ಜಾರುಬಂಡೆ!

"ಇದನ್ನ ಹೇಗಪ್ಪಾ ಹತ್ತೋದು?" ಅಂದೆ.

"ಫಸ್ಟ್ ಗೇರಲ್ಲಿ ಹೊಡೀಲಿ ಬಿಡಿ ಮೇಡಂ."

ಆಷಾಢದ ನಿರುದ್ಯೋಗಿಗಳು

ಕೆಲಸವಿಲ್ಲದೆ ಕೂತವರನ್ನ ಸಮಿತಿ ಮುಂದೆ ಕೂರಿಸಬೇಕು ಅಂತ ಸಾಹೇಬರ ಹುಕುಂ. ಆದರೆ ಆ ವಾರವೇ ಒಳ್ಳೆ ಮಳೆ. ಗೌರಿಬಿದನೂರಲ್ಲಿ ಜೋಳ, ಚಿಂತಾಮಣಿಯಲ್ಲಿ ಕಡ್ಲೇಕಾಯಿ, ಎಲ್ಲರೂ ಬಿತ್ತನೆಗೆ ಹೊಲದಲ್ಲಿ. ಗೂಡೂ ಬರ್ತಿತ್ತು, ಆಪಾ ಒಬ್ಬರೇ ರಜಾ ಹಾಕಿದ್ದರು. ನಮ್ಮ ಸೂಪರಿಂಟೆಂಡೆಂಟರು ತಲೆ ಓಡಿಸಿದರು. ಆಷಾಢದಲ್ಲಿ ಮದುವೆ ಇಲ್ಲವಲ್ಲ, ಚಿಂತಾಮಣಿ ಕಡೆಯ ವಾಲಗದ ಸೆಟ್ಟನ್ನೇ ಕರೆಸಿಬಿಟ್ಟರು! ನಾದಸ್ವರ, ಡೋಲು ಸಮೇತ ಬಂದು ಕೂತರು.

"ಸಮಿತಿಯವರ ಹತ್ತಿರ ಏನು ಕೇಳ್ತೀಯಪ್ಪ?" ಅಂತ ಸಾಹೇಬರು ಮೊದಲೇ ಪರೀಕ್ಷೆ ಮಾಡಿದರು.

ನಾದಸ್ವರದವನು ಕೈಮುಗಿದ. "ಏನೂ ಬೇಡ ಸ್ವಾಮಿ. ಆಷಾಢದಲ್ಲೂ ಮದುವೆ ಮಾಡಲೇಬೇಕು ಅಂತ ಒಂದು ಕಾನೂನು ತಂದುಬಿಡಲಿ, ಸಾಕು."

ಓಪನಿಂಗ್

ಅಷ್ಟು ಹೊತ್ತಿಗೆ ರ‍್ಯಾಂಪಿನ ಬುಡಕ್ಕೆ ಕೆಂಪು ಟೇಪು, ಮುಂದೆ ರಂಗೋಲಿ, ಅಕ್ಕಪಕ್ಕ ಹೂಕುಂಡ. ಆಪಾ ಸೈಕಲ್ಲು ತಿರುಗಿಸಿಕೊಂಡು ಬಂದರು. ಸೂಪರಿಂಟೆಂಡೆಂಟರು ಅಡ್ಡ ನಿಂತರು.

"ಮುಟ್ಟಬೇಡಿ! ಇನ್ನೂ ಓಪನಿಂಗ್ ಆಗಿಲ್ಲ."

"ನನಗೇ ತಾನೇ ಸಾರ್ ಕಟ್ಟಿರೋದು?"

"ನಿಮಗೇ. ಆದರೆ ಮೊದಲು ದೊಡ್ಡೋರು ಟೇಪು ಕಟ್ ಮಾಡಬೇಕಲ್ಲಮ್ಮಾ."

ನನಗೆ ಮೈಯೆಲ್ಲ ಉರಿದುಹೋಯ್ತು. ಕೊನೆಗೆ ವಾಲಗದವರೇ ಆಪಾನ ಸೈಕಲ್ಲು ಸಮೇತ ಎತ್ತಿ, ಮೆಟ್ಟಿಲು ಹತ್ತಿಸಿ ಒಳಗೆ ಕೂರಿಸಿದರು.

ಸಮಿತಿ ಬಂತು. ಉತ್ತರದ ಕಡೆಯ ಅಧ್ಯಕ್ಷರು ಟೇಪು ಕತ್ತರಿಸಿದರು. ದಿನಗಟ್ಟಲೆ ಊದದೆ ಬಾಯಿ ಕಡೀತಿತ್ತೇನೋ, ವಾಲಗದವರು ಗಟ್ಟಿಮೇಳವನ್ನೇ ಬಾರಿಸಿಬಿಟ್ಟರು! ಅಭ್ಯಾಸಬಲ, ಒಂದಿಬ್ಬರು ಅಕ್ಷತೆ ಎಲ್ಲಿ ಅಂತ ಹುಡುಕಿದರು.

"ಈಗ ಯಾರಾದರೂ ಹತ್ತಿ ತೋರಿಸಲಿ," ಅಂದರು ಅಧ್ಯಕ್ಷರು, ಹಿಂದಿಯಲ್ಲಿ.

"ಹತ್ತಬೇಕಾದವರು ಆಗಲೇ ಒಳಗಿದ್ದಾರೆ ಸಾರ್," ಅಂದರು ಸೂಪರಿಂಟೆಂಡೆಂಟರು.

"ಒಳಗೆ ಹೇಗೆ ಹೋದರು?"

"ಮೆಟ್ಟಿಲಿಂದ ಸಾರ್."

ಅಧ್ಯಕ್ಷರು ಮೆಟ್ಟಿಲನ್ನೂ ರ‍್ಯಾಂಪನ್ನೂ ಒಂದು ಸಲ ನೋಡಿ, "ಹಾಗಾದರೆ ಇಳಿದು ತೋರಿಸಲಿ," ಅಂದರು.

ಬೇಡ ಅನ್ನೋಕೆ ನಾನು ಬಾಯಿ ತೆಗೆಯೋಷ್ಟರಲ್ಲಿ ಆಪಾ ಬಾಗಿಲಲ್ಲಿದ್ದರು. ಸೈಕಲ್ಲಿಗೆ ಬ್ರೇಕು ಇದ್ದದ್ದು ಹೆಸರಿಗೆ. ಮುಂದಿನ ಚಕ್ರ ಇಳಿಜಾರಿಗೆ ಬಿತ್ತು ನೋಡಿ, ಜುಯ್ಯಂತ ಹೊರಟೇಹೋಯ್ತು! "ಅಯ್ಯೋ ದೇವುಡಾ!" ಅಂದ ಡೋಲಿನವನು ಗಾಬರಿಯಲ್ಲಿ ಮತ್ತೆ ಗಟ್ಟಿಮೇಳ ಬಾರಿಸಿದ. ಸಮಿತಿ ದಿಕ್ಕಾಪಾಲು. ರಂಗೋಲಿ ಅಳಿಸಿಕೊಂಡು, ಹೂವಿನ ಹಾರ ಇಟ್ಟಿದ್ದ ತಟ್ಟೆ ಹಾರಿಸಿಕೊಂಡು ಹೋದ ಸೈಕಲ್ಲು, ಗೇಟಿನ ಹತ್ತಿರ ಹೊಂಗೆಮರದ ಕೆಳಗೆ ಮೇಸ್ತ್ರಿ ಬಿಟ್ಟುಹೋಗಿದ್ದ ಮರಳಗುಡ್ಡೆಯಲ್ಲಿ ಹೂತುಕೊಂಡು ನಿಂತಿತು.

ಅಧ್ಯಕ್ಷರು ಓಡಿಬಂದರು. ಆಪಾಗೆ ಒಂದು ಗೀರೂ ಆಗಿರಲಿಲ್ಲ. ಸೆರಗು ಸರಿಮಾಡಿಕೊಂಡು, ತಮ್ಮ ಉರ್ದುವಿನಲ್ಲೇ ನೇರವಾಗಿ ಹೇಳಿದರು:

"ಇಲ್ಲೇ ಸಾಹೇಬ್. ಸರಿಯಾಗಿ ಇದೇ ಜಾಗದಲ್ಲಿ ನನಗೊಂದು ಪೆಟ್ಟಿಗೆ ಅಂಗಡಿಗೆ ಪರ್ಮಿಷನ್ ಬೇಕು."

ಅಧ್ಯಕ್ಷರು ನಗು ತಡೀಲಾರದೆ ಮರ ಹಿಡಿದುಕೊಂಡರು. ಆಮೇಲೆ ನಮ್ಮ ಸಾಹೇಬರ ಕಡೆ ತಿರುಗಿ, "ಆ ರ‍್ಯಾಂಪು ಒಡೆದು ಬೇರೆ ಕಟ್ಟಿಸಿ. ಅದಕ್ಕೂ ಮೊದಲು ಇವರಿಗೆ ಜಾಗ ಕೊಡಿ. ಇಲ್ಲದಿದ್ದರೆ ಇನ್ನೊಂದು ಸಲ ಹೀಗೇ ಕೇಳೋಕೆ ಬರ್ತಾರೆ!" ಅಂದರು.

ಹೂಕುಂಡದ ಹಿಂದಿನಿಂದ ಸಾಹೇಬರ ದನಿ ಬಂತು:

"ಕೊಟ್ಟಾಯ್ತು ಸಾರ್!"