ಸತ್ಯಮೂರ್ತಿಯ ಎಣ್ಣೆಸ್ನಾನ

ನರಕ ಚತುರ್ದಶಿಯ ಬೆಳಿಗ್ಗೆ ಶ್ರೀವಲ್ಲಿ ಗಂಡನ ನೆತ್ತಿಗೆ ಹರಳೆಣ್ಣೆ ತಟ್ಟಿ, ಮೈಗೆಲ್ಲ ಬಳಿದು ಮುಗಿಸುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗೀಸರ್ ನಿಂತಿತು. ಶಿಡ್ಲಘಟ್ಟದ ಮೇಲೆ ವಾರದಿಂದ ಮೋಡ. ಸೋಲಾರ್ ನೀರು ಮಂಜಿನಷ್ಟು ತಣ್ಣಗಿತ್ತು. ಗ್ಯಾಸಿನ ಎರಡೂ ಒಲೆಗಳ ಮೇಲೆ ಕಜ್ಜಾಯದ ಕೆಲಸ. ಸತ್ಯಮೂರ್ತಿ ಎಣ್ಣೆಯಿಂದ ಎತ್ತಿದ ಇನ್ನೊಂದು ಕಜ್ಜಾಯದಂತೆ ಹಿತ್ತಲಲ್ಲಿ ನಿಂತ.

ಅಲ್ಲಿ ಅಜ್ಜಿಯ ಕಾಲದ ತಾಮ್ರದ ಹಂಡೆ ಒಲೆಯ ಮೇಲೇ ಕೂತಿತ್ತು. ಚಿಕ್ಕಂದಿನಲ್ಲಿ ಅದರ ಮುಂದೆ ಕೂತು ಕಡ್ಡಿ ತಳ್ಳುತ್ತಾ, ಕೆಂಡದಲ್ಲಿ ಗೆಣಸು ಸುಟ್ಟು ತಿಂದದ್ದು ನೆನಪಾಯಿತು.

“ಹಂಡೆ ಹಚ್ತೀನಿ ಕಣೇ!”

ಪಕ್ಕದ ಮನೆಯ ಬಯ್ಯಪ್ಪ ರೇಷ್ಮೆ ಸಾಕುವವನು. ಗೋಡೆ ಮೇಲಿಂದ ಹಿಪ್ಪುನೇರಳೆ ಕಡ್ಡಿಯ ಹೊರೆ ಎಸೆದ. ಕಡ್ಡಿ ಒದ್ದೆ, ಹೊಗೆ ಬೀದಿ ತುಂಬಿತು. ಎದುರುಮನೆಯ ಮೋಹನ್‌ಬಾಬು ಮನೆಗೇ ಬೆಂಕಿ ಬಿತ್ತೆಂದು ಓಡಿಬಂದು, ಒಂದು ಬಿಂದಿಗೆ ನೀರು ಒಲೆಗೆ ಸುರಿದ. ಮತ್ತೆ ಮೊದಲಿನಿಂದ ಹಚ್ಚಬೇಕಾಯಿತು.

ಹಿಂದಿನ ಮನೆಯ ಮುನಿಶಾಮಮ್ಮ ಕುರ್ಚಿ ಹಾಕಿಸಿಕೊಂಡು ಕೂತರು. “ಊದೋ ಮೂರ್ತಿ, ಚೆನ್ನಾಗಿ ಊದು!”

ಸತ್ಯಮೂರ್ತಿ ನಲ್ಲಿ ಪೈಪಿನ ತುಂಡಿನಿಂದ ಊದಿದ. ಕಣ್ಣು ಬ್ಯಾಡಗಿ ಮೆಣಸಿನಕಾಯಾಯಿತು.

“ನಮ್ಮಮ್ಮಂದು ಬೆರಣಿ, ಸೌದೆ. ನಂದು ಸೀಮೆಎಣ್ಣೆ ಸ್ಟೌ, ಪಂಪು ಹೊಡೆದೂ ಹೊಡೆದೂ ರಟ್ಟೆ ಬಿದ್ದೋಯ್ತು. ಆಮೇಲೆ ಗ್ಯಾಸು, ಕರೆಂಟು, ಈಗ ಬಿಸಿಲು. ಏನೇ ಬರ್ಲಿ, ಹಂಡೆ ನೀರಿನ ಸುಖ ಬರ್ಲಿಲ್ಲ ಕಣಪ್ಪ.”

ಮುನಿಶಾಮಮ್ಮನ ಮೊಮ್ಮಗಳು ಹರಿತಾ, “ಮುಂದೆ ಹೈಡ್ರೋಜನ್ ಅಜ್ಜಿ! ಅದನ್ನ ನೀರಿಂದಾನೇ ತೆಗೀತಾರೆ” ಅಂದಳು.

“ನೀರು ಉರಿಸಿ ನೀರು ಕಾಯಿಸ್ತಾರಾ? ಅಯ್ಯೋ ರಾಮ!”

ಹಂಡೆ ಕುದಿಯುವಷ್ಟರಲ್ಲಿ ಇಡೀ ಬೀದಿ ಬಕೆಟ್ ಹಿಡಿದು ಬಂತು. ಎಲ್ಲರ ಮೈಮೇಲೂ ಎಣ್ಣೆ, ಎಲ್ಲರ ಮನೆಯಲ್ಲೂ ತಣ್ಣೀರು. “ಹಬ್ಬದ ದಿನ ಇಲ್ಲ ಅನ್ಬೇಡಿ ಸಾರ್.” ಹಿರಿಯರೆಂದು ಮುನಿಶಾಮಮ್ಮನಿಗೆ ಮೊದಲು, ಕಡ್ಡಿ ಕೊಟ್ಟಿದ್ದಕ್ಕೆ ಬಯ್ಯಪ್ಪನಿಗೆ, ಬೆಂಕಿ ಆರಿಸಿದ ಮೋಹನ್‌ಬಾಬುವಿಗೂ! ಒಬ್ಬೊಬ್ಬರೂ ಬಕೆಟ್ಟಿನ ಮೇಲೆ ಬಗ್ಗಿ, “ಆಹಾ, ಅದೇ ವಾಸನೆ!” ಎನ್ನುತ್ತಾ ಹೋಗುವುದನ್ನು ಕಂಡು ಸತ್ಯಮೂರ್ತಿಗೆ ಅಜ್ಜಿಯೇ ಎದುರು ಬಂದಂತಾಗಿ ಕಣ್ಣು ತುಂಬಿತು. ಕೊನೆಗೆ ತನಗೆಂದು ಚೊಂಬು ಇಳಿಬಿಟ್ಟರೆ ಹಂಡೆಯ ತಳ ಠಣ್ ಎಂದಿತು.

ಪುಣ್ಯಕ್ಕೆ ಆಗಲೇ ಕರೆಂಟು ಬಂತು. ಶ್ರೀವಲ್ಲಿ ಗೀಸರ್ ಹಾಕಿದಳು. ನೀರು ಕಾದ ಮೇಲೆ ಸತ್ಯಮೂರ್ತಿ ಟವೆಲ್ ಹೆಗಲಿಗೇರಿಸಿ ಹೋದರೆ, ಬಚ್ಚಲಿಗೆ ಒಳಗಿಂದ ಚಿಲಕ.

“ಯಾರದು?”

“ನಾನು ಕಣಪ್ಪ, ಮುನಿಶಾಮಮ್ಮ. ಮೈಯೆಲ್ಲ ಒಂದೇ ಹೊಗೆ ವಾಸನೆ! ನಮ್ಮನೇಲಿ ಬರೀ ಸೋಲಾರ್ ಅಲ್ವಾ? ಗೀಸರ್ ನೀರಲ್ಲಿ ಇನ್ನೊಂದ್ಸಲ ಚೆನ್ನಾಗಿ ಸ್ನಾನ ಮಾಡ್ಬಿಟ್ಟು ಬರ್ತೀನಿ. ನೀನು ಅಲ್ಲೀಗಂಟ ಬೆಂಕಿ ಕಾಯಿಸ್ಕೊಂತ ಕೂತಿರು!”