ಬಾವುರ್ ತರಲು ಹೋದ ಸಪರ್ಗಾಲಿ

ಎಲ್ಲ ಎಡವಟ್ಟಿಗೂ ಕಾರಣ ಮೊಬೈಲಿನ ಹಾಳು ಬ್ಯಾಟರಿ. ಅಸ್ತಾನಾದ ಚಳಿಗೆ ಅದು ಕಣ್ಣು ಮುಚ್ಚುವ ಮುನ್ನ ಡಾಕ್ಟರ್ ರೌಶನ್ ಅವರ ಮೂರೇ ಮಾತು ಆಸ್ಪತ್ರೆಯ ಡ್ರೈವರ್ ಸಪರ್ಗಾಲಿಯ ಕಿವಿಗೆ ಬಿದ್ದವು: "ಕರಗಂಡಿ ರೈಲು. ಬಾವುರ್. ಬೇಗ!"

ಬಾವುರ್ ಎಂದರೆ ಲಿವರ್. ವಾರ್ಡಿನಲ್ಲಿ ಲಿವರ್ ಕೆಟ್ಟ ರೋಗಿಯೊಬ್ಬ ಬದಲಿ ಲಿವರಿಗಾಗಿ ಜೀವ ಕೈಯಲ್ಲಿ ಹಿಡಿದು ಮಲಗಿದ್ದ. ಸಪರ್ಗಾಲಿ ಪೆಟ್ಟಿಗೆಗೆ ಐಸು ತುಂಬಿಕೊಂಡು ಸ್ಟೇಷನ್ನಿಗೆ ಓಡಿದ.

ಕರಗಂಡಿ ಊರಿಂದ ರೈಲು ಬಂತು. ಯಾರೂ ಏನೂ ತಂದುಕೊಡಲಿಲ್ಲ. "ಬಾವುರ್ ಒಯ್ಯೋಕೆ ಬಂದಿದೀನಿ! ಯಾರ ಹತ್ರ ಇದೆ?" ಎಂದು ಬೋಗಿ ಬೋಗಿಗೂ ಕೂಗಿದ. ಮಾಂಸ ತುಂಬಿದ ಸಮ್ಸಾ ಮಾರುವ ಅಜ್ಜಿ ಹೇಳದೆ ಕೇಳದೆ ಪೆಟ್ಟಿಗೆಯ ಮುಚ್ಚಳ ಎತ್ತಿದಳು.

"ಹೊರಗೆ ಮೈನಸ್ ಮೂವತ್ತು. ಐಸ್ ಹೊತ್ಕೊಂಡು ಬಂದಿದೀಯಲ್ಲೋ, ತಲೆ ನೆಟ್ಟಗಿದೆಯಾ?"

"ಹಾಗೇ ಬಿಟ್ರೆ ಲಿವರ್ ಕಲ್ಲಾಗಿಬಿಡತ್ತೆ ಅಜ್ಜಿ. ಹೆಪ್ಪುಗಟ್ಟಲೂಬಾರ್ದು, ಬೆಚ್ಚಗಾಗಲೂಬಾರ್ದು. ಈ ಚಳೀಲಿ ಐಸೇ ಅದಕ್ಕೆ ಕಂಬಳಿ."

ಜನ ಸೇರಿದರು. ಮೀನಿನಂತೆ ಉಪ್ಪು ಹಾಕಬೇಕಾ? ಎಷ್ಟು ಹೊತ್ತು ಬದುಕಿರುತ್ತೆ? ಆಗಷ್ಟೇ ರೈಲಿಳಿದ ನರಿತುಪ್ಪಳದ ಟೋಪಿಯವನಿಗಂತೂ ಎಲ್ಲರಿಗಿಂತ ಹೆಚ್ಚು ಕುತೂಹಲ.

"ಯಾವ ಆಸ್ಪತ್ರೆಗೆ ಅಣ್ಣಾ?"

"ಹೊಳೆಯಾಚೆ. ರೌಶನ್ ಡಾಕ್ಟ್ರಮ್ಮನ ಹತ್ರ."

ಟೋಪಿಯವನು ಪೆಟ್ಟಿಗೆಯೊಳಗೆ ಇಣುಕಿದ. "ಲಿವರ್... ಅರ್ಧ ತಾನೇ ತೆಗೆಯೋದು?"

"ಅರ್ಧ ಇಟ್ಕೊಂಡು ಏನ್ಮಾಡೋದು? ಪೂರ್ತಿ!"

"ಮತ್ತೆ ಕೊಟ್ಟೋನು?"

"ಅವನ ಕತೆ ಮುಗಿದಿರತ್ತೆ ಬಿಡಿ. ಅವನಿಗೇನೂ ಗೊತ್ತಾಗಲ್ಲ," ಎಂದು ಸಪರ್ಗಾಲಿ ಸಮಾಧಾನ ಹೇಳಿದ.

ಟೋಪಿಯವನು ಮತ್ತೆ ರೈಲು ಹತ್ತಿದ. ರೈಲು ಉತ್ತರಕ್ಕೆ ಹೊರಟಿತು.

ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರ್ ನಿಂತಿದ್ದರು. "ಎಲ್ಲಿ ಬಾವುರ್?"

"ಬರಲೇ ಇಲ್ಲ ಡಾಕ್ಟ್ರಮ್ಮ. ಪೆಟ್ಟಿಗೆ ಖಾಲಿ."

"ಪೆಟ್ಟಿಗೆ ಯಾಕೋ? ರೋಗಿಯ ತಮ್ಮ ಕಣೋ! ಅರ್ಧ ಲಿವರ್ ಕೊಡೋಕೆ ಬರ್ತಿದ್ದ, ನರಿತುಪ್ಪಳದ ಟೋಪಿ ಹಾಕ್ಕೊಂಡು!"

ನಮ್ಮ ಕಝಕ್ ಭಾಷೆಯಲ್ಲಿ ಲಿವರಿಗೂ ತಮ್ಮನಿಗೂ ಒಂದೇ ಪದ. ಸಪರ್ಗಾಲಿಗೆ ಅದು ಮಾತು ಕಲಿತಾಗಿನಿಂದ ಗೊತ್ತು. ಬೇಕಾದಾಗ ಮಾತ್ರ ನೆನಪಾಗಲಿಲ್ಲ. ಪಾಪ, ನಡೆದದ್ದನ್ನೆಲ್ಲ ತಡವರಿಸುತ್ತ ಹೇಳಿದ.

ಡಾಕ್ಟರ್ ಬೈಯಲಿಲ್ಲ. ಸಂತೆಯಲ್ಲಿ ಕುರಿ ನೋಡುವಂತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಇಷ್ಟು ವರ್ಷ "ಏಯ್ ಡ್ರೈವರ್" ಎಂದಲ್ಲದೆ ಬೇರೇನೂ ಕರೆಯದವರು ಈಗ ಅವನ ಹೆಗಲ ಮೇಲೆ ಕೈಯಿಟ್ಟರು.

"ಸಪರ್ಗಾಲಿ, ನನ್ನ ಬಾವುರ್... ನಿನ್ನ ರಕ್ತದ ಗುಂಪು ಯಾವುದಪ್ಪಾ?"